ಎತ್ಕೋಬೇಡಿ ಡಾಕ್ಟ್ರ ಹೆಬ್ಬೆರಳು

ಪ್ರಾಣಿಗಳ ಆಸ್ಪತ್ರೆಯಲ್ಲಿ ಆಪರೇಷನ್ ಮಾಡುವ ಆ ಡಾಕ್ಟರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಕೋಣೆಯ ಬಾಗಿಲ ಮೇಲೂ ಅದನ್ನೇ ಬರೆಸಿದ್ದರು. ಆದರೆ ಕೈಯಲ್ಲಿ ನರಳುವ ನಾಯಿಯನ್ನು ಹಿಡಿದುಕೊಂಡು ಬಂದವರು ಬೋರ್ಡು ಓದುತ್ತಾ ನಿಲ್ಲುತ್ತಾರೆಯೇ? ಸುತ್ತಮುತ್ತಲ ಬೀದಿಗಳಿಗೆಲ್ಲ ಆಕೆ ‘ಎತ್ಕೋಬೇಡಿ ಡಾಕ್ಟ್ರು’. ಹಾಗೆ ಕರೆಯುತ್ತಾರೆಂದು ಆಕೆಗೂ ಗೊತ್ತಿತ್ತು. ಕೋಪವೇನೂ ಇರಲಿಲ್ಲ, ಒಳಗೊಳಗೇ ಸ್ವಲ್ಪ ಹೆಮ್ಮೆಯೇ ಇತ್ತೆನ್ನಿ.

ಹೆಸರು ಬಂದದ್ದು ಹೀಗೆ. ನಾಯಿಗೋ ಬೆಕ್ಕಿಗೋ ಸೊಂಟದ ಕೀಲು ಸವೆದುಹೋಗುತ್ತದೆ, ಇಲ್ಲವೇ ಗಾಡಿಗೆ ಸಿಕ್ಕಿ ಮುರಿಯುತ್ತದೆ. ಆಗ ತೊಡೆಮೂಳೆಯ ತುದಿಯಲ್ಲಿರುವ ಗುಂಡನ್ನೇ ಕತ್ತರಿಸಿ ತೆಗೆದುಬಿಡುವುದುಂಟು. ಮೂಳೆಗೆ ಮೂಳೆ ಉಜ್ಜುವುದು ನಿಂತರೆ ನೋವೂ ನಿಲ್ಲುತ್ತದೆ. ಇದನ್ನು ಕೇಳಿದ ಪ್ರತಿಯೊಬ್ಬರೂ, ಓದಿದವರು ಓದದವರು ಎಂಬ ಭೇದವಿಲ್ಲದೆ, ಒಂದೇ ಪ್ರಶ್ನೆ ಕೇಳುತ್ತಿದ್ದರು.

“ಆ ಜಾಗಕ್ಕೆ ಏನು ಹಾಕ್ತೀರಾ ಡಾಕ್ಟ್ರೇ?”

“ಏನೂ ಹಾಕಲ್ಲ.”

“ಏನೂ ಅಂದ್ರೆ... ಏನೂನಾ?”

“ಏನೂ ಇಲ್ಲ. ಖಾಲಿ ಜಾಗ. ಸುತ್ತಲಿನ ಮಾಂಸಖಂಡ ಬಂದು ತುಂಬ್ಕೊಳ್ಳುತ್ತೆ, ಅಲ್ಲೇ ಒಂದು ಮೆತ್ತೆ ಥರ ಬೆಳೆಯುತ್ತೆ. ಆದ್ರೆ ಅದು ನಡೆದ್ರೆ ಮಾತ್ರ. ಹೊಲಿಗೆ ಹಾಕಿ ಕಳಿಸೋವರೆಗೆ ನನ್ನ ಕೆಲಸ. ಆಮೇಲೆ ನಡೆಸೋದು ನಿಮ್ಮ ಕೆಲಸ. ಎತ್ಕೋಬೇಡಿ!”

ಎತ್ತಿಕೊಳ್ಳದೆ ಇರುತ್ತಾರೆಯೇ? ಮಹಾಶಯರು ಮನೆಗೆ ಹೋಗುತ್ತಲೇ ಅಯ್ಯೋ ಪಾಪ ಎಂದು ಎತ್ತಿಕೊಂಡುಬಿಡುತ್ತಿದ್ದರು. ಮೆಟ್ಟಿಲು ಬಂದರೆ ಎತ್ತಿಕೊಳ್ಳುವುದು, ಊಟದ ತಟ್ಟೆಯ ಹತ್ತಿರಕ್ಕೆ ಎತ್ತಿಕೊಂಡು ಹೋಗುವುದು. ಕಾಲು ಕೆಲಸವಿಲ್ಲದೆ ಸೊರಗಿ ಕಡ್ಡಿಯಾದ ಮೇಲೆ, ಆಪರೇಷನ್ನೇ ಸರಿಯಾಗಲಿಲ್ಲ ಎಂದು ಮುಖ ಊದಿಸಿಕೊಂಡು ಮರಳಿ ಬರುವುದು. ಆಗ ನೋಡಬೇಕಿತ್ತು ಡಾಕ್ಟ್ರ ಬಾಯಿ! “ನಿಮ್ಮ ಪ್ರೀತಿಯಿಂದ ಅದರ ಕಾಲು ಹೋಯ್ತು ಕಣ್ರೀ. ಪ್ರೀತಿ ಇದ್ರೆ ಕೆಳಗಿಳಿಸಿ!” ಎಂದು ಆಕೆ ಒಳಗೆ ಗುಡುಗಿದರೆ ಹೊರಗೆ ಬೆಂಚಿನ ಮೇಲೆ ಸರದಿಗೆ ಕಾದವರೂ ತಮ್ಮ ನಾಯಿಗಳನ್ನು ಮೆಲ್ಲಗೆ ನೆಲಕ್ಕೆ ಬಿಡುತ್ತಿದ್ದರು.

ಆಪರೇಷನ್ ಕೋಣೆಯಲ್ಲಿ ಮಾತ್ರ ಆಕೆಯದು ಬೇರೆಯೇ ರೂಪ. ಉಳಿ, ಪುಟ್ಟ ಸುತ್ತಿಗೆ, ಅರ. ನೋಡಿದರೆ ಬಡಗಿಯ ಸಾಮಾನು ಎನ್ನಬೇಕು. ಗುಂಡನ್ನು ಕತ್ತರಿಸಿ ತೆಗೆದ ಮೇಲೆ ಆಕೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಬಲಗೈ ಹೆಬ್ಬೆರಳನ್ನು ಒಳಗಿಟ್ಟು ಕತ್ತರಿಸಿದ ಅಂಚಿನ ಉದ್ದಕ್ಕೂ ಸವರುತ್ತಿದ್ದರು. ಅಲ್ಲೊಂದು ಮುಳ್ಳಿನಷ್ಟು ಮೂಳೆ ಉಳಿದರೂ ಸಾಕು, ಹೆಜ್ಜೆ ಹೆಜ್ಜೆಗೂ ಚುಚ್ಚಿ ಪ್ರಾಣಿ ಕಾಲೂರುವುದನ್ನೇ ಬಿಡುತ್ತದೆ. “ಕಣ್ಣಿಗೆ ಕಾಣದ ಮುಳ್ಳು ಹೆಬ್ಬೆರಳಿಗೆ ಸಿಗುತ್ತೆ, ನೋಡ್ತಿರು” ಎಂದು ಜೊತೆಗಿದ್ದ ಜೂನಿಯರ್ ಡಾಕ್ಟರಿಗೆ ಹೇಳುತ್ತಿದ್ದರು. ಹೆಬ್ಬೆರಳು ಒಪ್ಪದೆ ಆ ಕೋಣೆಯಲ್ಲಿ ಹೊಲಿಗೆ ಬೀಳುತ್ತಿರಲಿಲ್ಲ.

ಆ ಹೆಬ್ಬೆರಳೇ ಕೈಕೊಡತೊಡಗಿತು. ಮೊದಲು ಬೀಗದಕೈ ತಿರುಗಿಸುವಾಗ ಬುಡದಲ್ಲಿ ಚಳುಕು. ಆಮೇಲೆ ಡಬ್ಬಿಯ ಮುಚ್ಚಳ, ಬಟ್ಟೆ ಹಿಂಡುವುದು, ಪೆನ್ನು. ಡಾಕ್ಟ್ರು ತಾವೇ ಡಾಕ್ಟ್ರಲ್ಲವೇ, ಆದ್ದರಿಂದ ಯಾರಿಗೂ ತೋರಿಸಲಿಲ್ಲ. ಯಾರಿಗೂ ಹೇಳಲೂ ಇಲ್ಲ.

ಮನೆಯಲ್ಲಿದ್ದವರು ಇಬ್ಬರೇ, ಆಕೆ ಮತ್ತು ಗಂಡ. ಗಂಡನದು ಮನೆಯ ಕೆಳಗೇ ಗಡಿಯಾರ ರಿಪೇರಿ ಅಂಗಡಿ. ಎಲ್ಲರೂ ‘ಗಡಿಯಾರದವರು’ ಎನ್ನುತ್ತಿದ್ದರು. ಒಳ್ಳೆಯ ಮನುಷ್ಯ, ದುರಭ್ಯಾಸವಿಲ್ಲ, ಬಾಯಿಯೂ ಇಲ್ಲ. ಬೆಳಗಿನಿಂದ ಸಂಜೆಯವರೆಗೆ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ತಲೆ ತಗ್ಗಿಸಿ ಕೂತವರು, ಮೇಲೆ ಬಂದ ಮೇಲೂ ತಲೆ ತಗ್ಗಿಸಿಯೇ ಇರುತ್ತಿದ್ದರು. ಹೆಂಡತಿಗೆ ಜ್ವರ ಬಂದರೆ ತಲೆದಿಂಬಿನ ಹತ್ತಿರ ಮಾತ್ರೆ, ನೀರು ಇಟ್ಟು ಅಂಗಡಿಗೆ ಇಳಿಯುತ್ತಿದ್ದರು. ಹೇಗಿದ್ದೀಯಾ ಎಂದು ಕೇಳುತ್ತಿರಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ತನ್ನ ಬಗ್ಗೆ ಒಂದು ಒಳ್ಳೆಯ ಮಾತು ಅವರ ಬಾಯಿಂದ ಬಿದ್ದದ್ದು ಡಾಕ್ಟ್ರಿಗೆ ನೆನಪಿರಲಿಲ್ಲ. ಅದರ ಬಗ್ಗೆ ಅಳುವಷ್ಟು ಪುರುಸೊತ್ತೂ ಇರಲಿಲ್ಲ ಬಿಡಿ.

ಹೀಗಿರುವಾಗ ಬೇಕರಿಯವನ ನಾಯಿ ಬಂತು. ಬೇಕರಿಯವನೆಂದರೆ ಬಾಗಿಲಲ್ಲಿ ಪಕ್ಕಕ್ಕೆ ತಿರುಗಿ ಬರಬೇಕಾದ ಆಳು, ನಾಯಿಯೋ ಒಂದು ಹಿಡಿ. ಒಣಕಲು, ಗಟ್ಟಿ ಪಿಂಡ, ಮುಟ್ಟಿದವರಿಗೆಲ್ಲ ಬಾಯಿ ಹಾಕುವಂಥದ್ದು. ಅದಕ್ಕೇ ರಸ್ಕು ಎಂದು ಹೆಸರಿಟ್ಟಿದ್ದ. ಎಡಗಡೆಯ ಸೊಂಟದ ಕೀಲು ಪೂರ್ತಿ ಹೋಗಿತ್ತು.

ಆಪರೇಷನ್ ನಡುವೆ ಡಾಕ್ಟ್ರ ಕೈಯಲ್ಲಿ ಉಳಿ ವಾಲಿತು. ಜೂನಿಯರ್ ಡಾಕ್ಟರ್ ಥಟ್ಟನೆ ಹಿಡಿದುಕೊಂಡಳು. ಗುಂಡು ಸರಿಯಾಗಿಯೇ ಬಂತು, ಏನೂ ಅನಾಹುತವಾಗಲಿಲ್ಲ. ಆದರೆ ಕೊನೆಗೆ ಆಕೆ ಕಣ್ಣು ಮುಚ್ಚಿ ಅಂಚು ಸವರಿದಾಗ ಏನೋ ಚುಚ್ಚಿತು. ಇನ್ನೊಮ್ಮೆ ಸವರಿದರು, ಮತ್ತೆ ಚುಚ್ಚಿತು. ಚುಚ್ಚುತ್ತಿರುವುದು ನಾಯಿಯ ಮೂಳೆಯೋ ತನ್ನದೇ ಕೀಲೋ ಆಕೆಗೆ ಗೊತ್ತಾಗಲಿಲ್ಲ.

“ನೀನು ನೋಡು” ಎಂದು ಪಕ್ಕಕ್ಕೆ ಸರಿದು ನಿಂತರು.

ಜೂನಿಯರ್ ಹೆಬ್ಬೆರಳಿಟ್ಟು ನೋಡಿದಳು. “ನುಣ್ಣಗಿದೆ ಮೇಡಂ.”

ಹೊಲಿಗೆ ಹಾಕಿದವಳೂ ಅವಳೇ. ಮಾರನೆಯ ದಿನ ಡಾಕ್ಟ್ರು ಮನುಷ್ಯರ ಆಸ್ಪತ್ರೆಗೆ ಹೋಗಿ, ಕೈಯ ಆಪರೇಷನ್ ಮಾಡುವ ಸರ್ಜನ್ ಮುಂದೆ ಕೂತರು.

ಸರ್ಜನ್ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. “ಇಲ್ನೋಡಿ, ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಹತ್ರ, ಈ ಪುಟ್ಟ ಮೂಳೆ. ಸವೆದು ಸವೆದು ಇದರ ಕಥೆ ಮುಗಿದಿದೆ. ತೆಗೆದುಬಿಡೋಣ.”

“ಆ ಜಾಗಕ್ಕೆ ಏನು ಹಾಕ್ತೀರಾ?”

ಮಾತು ಬಾಯಿಂದ ಹೊರಟ ಮೇಲೆ ಡಾಕ್ಟ್ರಿಗೆ ನಾಚಿಕೆಯಾಯಿತು. ಸರ್ಜನ್ ನಕ್ಕುಬಿಟ್ಟರು. “ಇದನ್ನ ನೀವು ಕೇಳ್ತೀರಾ? ನಮ್ಮನೆ ಬೆಕ್ಕಿನ ಸೊಂಟ ನೀವೇ ಮಾಡಿದ್ದು. ಎತ್ಕೊಂಡಿದ್ದಕ್ಕೆ ನನ್ನ ಹೆಂಡತಿಗೆ ನಿಮ್ಮಿಂದ ಮಂಗಳಾರತಿಯೂ ಆಗಿದೆ.” ಆಮೇಲೆ ನಗು ನಿಲ್ಲಿಸಿ ಹೇಳಿದರು. “ನೋವು ಹೋಗುತ್ತೆ. ಹಿಡಿತ ಎಷ್ಟು ವಾಪಸ್ ಬರುತ್ತೆ ಅನ್ನೋದು ಮಾತ್ರ ನಿಮಗೆ ಬಿಟ್ಟಿದ್ದು. ಪಟ್ಟಿ ಬಿಚ್ಚಿದ ಮೇಲೆ ಆ ಕೈಯಿಂದ ಕೆಲಸ ಮಾಡಿಸಬೇಕು. ಆಗ ಸುಮ್ಮನೆ ಬಿಟ್ರೆ ಬಿಗಿದುಕೊಂಡುಬಿಡುತ್ತೆ. ಆಮೇಲೆ ಉಳಿ ಹಿಡಿಯೋದು ಕನಸಿನ ಮಾತು.”

ಆಪರೇಷನ್ ದಿನ ತೋಳಿಗೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟರು. ಪರದೆಯ ಈಚೆ ಎಚ್ಚರವಾಗಿಯೇ ಮಲಗಿದ್ದ ಡಾಕ್ಟ್ರು ಸದ್ದಿನಿಂದಲೇ ಎಲ್ಲವನ್ನೂ ಅಂದಾಜು ಮಾಡುತ್ತಿದ್ದರು. ಮೂಳೆ ತುಂಡುತುಂಡಾಗಿ ಸ್ಟೀಲ್ ತಟ್ಟೆಗೆ ಬೀಳುವುದು ಕೇಳಿಸಿತು. ಅದನ್ನೆಲ್ಲ ಸೇರಿಸಿದರೂ ಒಂದು ಕಡಲೆಬೀಜಕ್ಕಿಂತ ಸ್ವಲ್ಪ ದೊಡ್ಡದಿದ್ದೀತು. ಇಷ್ಟೇ ಇಷ್ಟು ಮೂಳೆಯ ಮೇಲೆ ತನ್ನ ಇಡೀ ಜೀವನ ನಿಂತಿತ್ತಲ್ಲ ಎನಿಸಿ ಆಕೆಗೆ ವಿಚಿತ್ರವಾಯಿತು.

“ಒಳಗೆ ಬೆರಳಿಟ್ಟು ನೋಡಿದ್ರಾ?” ಎಂದರು ಪರದೆಯ ಈಚೆಯಿಂದ.

“ನೋಡಿದೆ ತಾಯಿ, ಏನೂ ಉಳಿದಿಲ್ಲ. ಸ್ವಲ್ಪ ಸುಮ್ಮನಿರಿ” ಎಂದರು ಸರ್ಜನ್.

ಬಲಗೈಗೆ ಗಟ್ಟಿ ಪಟ್ಟಿ ಹಾಕಿಸಿಕೊಂಡು ಮನೆಗೆ ಬಂದರೆ, ಬಾಗಿಲಲ್ಲಿ ನಾದಿನಿ ಬಟ್ಟೆಯ ಚೀಲದೊಂದಿಗೆ ನಿಂತಿದ್ದಳು. ಅತ್ತಿಗೆಯ ಕೈ ಸರಿಯಾಗುವವರೆಗೆ ಇರುತ್ತೇನೆಂದು ಬಂದಿದ್ದಳು. ಗಡಿಯಾರದವರು ಕೆಮ್ಮಿದರು.

“ನಾನಿದ್ದೀನಲ್ಲ” ಎಂದರು.

“ನೀನಾ? ಅಣ್ಣಾ, ಗಡಿಯಾರಕ್ಕೆ ಕೀ ಕೊಡೋದು ಬಿಟ್ಟು ನಿನಗೆ ಇನ್ನೇನು ಬರುತ್ತೆ?”

“ಜಡೆ ಹಾಕೋದು ಹೇಳ್ಕೊಟ್ಟು ಹೋಗು. ಮಿಕ್ಕಿದ್ದು ನಾನು ನೋಡ್ಕೋತೀನಿ.”

ನಾದಿನಿ ಬಾಯಿಬಿಟ್ಟುಕೊಂಡು ಅತ್ತಿಗೆಯ ಮುಖ ನೋಡಿದಳು. ಅತ್ತಿಗೆಯ ಬಾಯಿಯೂ ತೆರೆದೇ ಇತ್ತು. ಆ ಮಧ್ಯಾಹ್ನ ಗಡಿಯಾರದವರು ಮೂರು ಚರ್ಮದ ಪಟ್ಟಿಗಳನ್ನು ಅಂಗಡಿಯ ಮೇಜಿಗೆ ಮೊಳೆ ಹೊಡೆದು ನಿಲ್ಲಿಸಿ, ಹೆಣೆದು ಬಿಚ್ಚಿ, ಹೆಣೆದು ಬಿಚ್ಚಿ ಅಭ್ಯಾಸ ಮಾಡಿದರು. ರಿಪೇರಿಗೆ ಬಂದವರಿಗೆ ನಾಳೆ ಬನ್ನಿ ಎಂದು ಹೇಳಿ ಕಳಿಸಿದರಂತೆ.

ಬೆಳಗಾದರೆ ಹೆಂಡತಿಯನ್ನು ಕಿಟಕಿಯ ಹತ್ತಿರ ಸ್ಟೂಲಿನ ಮೇಲೆ ಕೂರಿಸಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಿಂದೆ ನಿಲ್ಲುತ್ತಿದ್ದರು. “ಅಯ್ಯೋ, ಕೂದಲಿಗೂ ಅದು ಬೇಕೇನ್ರೀ?” ಎಂದು ಆಕೆ ನಕ್ಕರೆ, “ಅಲುಗಾಡಬೇಡ, ಲೆಕ್ಕ ತಪ್ಪುತ್ತೆ” ಎನ್ನುವರು. ಎಷ್ಟು ಸಲ ಬಿಚ್ಚಿ ಹೆಣೆದರೂ ಜಡೆ ಒಂದು ಕಡೆಗೆ ಸೊಟ್ಟವೇ. ಆದರೆ ಆಶ್ಚರ್ಯ ಅದಲ್ಲ. ಬೆನ್ನ ಹಿಂದೆ ನಿಂತ ಆ ಮನುಷ್ಯನಿಗೆ ಮಾತು ಬರತೊಡಗಿತು! ಎದುರಿಗೆ ಮುಖವಿಲ್ಲದ್ದಕ್ಕೋ, ಕೈಗೆ ಕೆಲಸವಿದ್ದದ್ದಕ್ಕೋ, ಅಂತೂ ಮೆಲ್ಲಮೆಲ್ಲಗೆ ಒಂದೊಂದೇ ಹೊರಬಂತು. ತಮ್ಮಪ್ಪ ಕೆಟ್ಟ ಗಡಿಯಾರಗಳನ್ನು ಹೇಗೆ ಕಿವಿಗಿಟ್ಟು ಕೇಳುತ್ತಿದ್ದರು, ತಾವು ಚಿಕ್ಕವರಿದ್ದಾಗ ಕತ್ತಲೆಗೆ ಎಷ್ಟು ಹೆದರುತ್ತಿದ್ದರು.

ಒಂದು ಬೆಳಿಗ್ಗೆ ಹೇಳಿದರು: “ನೀನು ಮೊದಲನೇ ಸಲ ಅಂಗಡಿಗೆ ಬಂದಿದ್ದೆಯಲ್ಲ, ಕೈಗಡಿಯಾರ ತಗೊಂಡು. ಅದಕ್ಕೇನೂ ಆಗಿರಲಿಲ್ಲ. ಬ್ಯಾಟರಿ ಮುಗಿದಿತ್ತು ಅಷ್ಟೆ.”

“ಮತ್ತೆ ಇವತ್ತು ಬಾ ನಾಳೆ ಬಾ ಅಂತ ಅಷ್ಟು ಸಲ ಓಡಾಡಿಸಿದ್ರಿ?”

“ಹೂಂ.”

ಡಾಕ್ಟ್ರು ಕಿಟಕಿಯ ಕಡೆ ನೋಡುತ್ತಾ ಕೂತರು. ಕುತ್ತಿಗೆಯ ಮೇಲೆ ಅವರ ಬೆರಳು ತಾಗುತ್ತಿತ್ತು. ಇಷ್ಟು ವರ್ಷ ಇದನ್ನೆಲ್ಲ ಎಲ್ಲಿ ಮುಚ್ಚಿಟ್ಟುಕೊಂಡಿದ್ದಿರಿ ಮಹಾರಾಯರೇ ಎಂದು ಕೇಳಬೇಕೆನಿಸಿತು. ಕೇಳಿದರೆ ಮಾತು ನಿಂತುಹೋದೀತೆಂದು ಹೆದರಿ ಸುಮ್ಮನಾದರು.

ಪಟ್ಟಿ ಬಿಚ್ಚುವ ದಿನ ಬಂತು. ವ್ಯಾಯಾಮ ಹೇಳಿಕೊಡುವ ಹೆಂಗಸು ಒಂದು ಮೆತ್ತನೆಯ ಉಂಡೆ ಕೊಟ್ಟು, ಹೀಗೆ ಹಿಸುಕಿ, ಬಟ್ಟೆ ಕ್ಲಿಪ್ಪು ಹೀಗೆ ಒತ್ತಿ, ಮನೆಯ ಕೆಲಸವನ್ನೆಲ್ಲ ಈ ಕೈಯಲ್ಲೇ ಮಾಡಿ ಎಂದು ತೋರಿಸಿದಳು. ಡಾಕ್ಟ್ರು ಒಳ್ಳೆಯ ವಿದ್ಯಾರ್ಥಿನಿಯಂತೆ ತಲೆಯಾಡಿಸಿದರು. ಉಂಡೆ ಹಿಸುಕಿ ನೋಡಿದರು, ಹಿಸುಕಲು ಬಂತು. ನೋವಿತ್ತು, ಆದರೆ ಹೊಸ ನೋವು. ಆ ಹಳೆಯ ಚಳುಕು ಮಾಯವಾಗಿತ್ತು.

ಮನೆಗೆ ಬಂದಾಗ ಗಂಡ ಬಾಚಣಿಗೆ ಹಿಡಿದುಕೊಂಡೇ ಕೇಳಿದರು. “ಹೇಗಿದೆ ಕೈ?”

“ಇನ್ನೂ ಆಗಲ್ಲ ರೀ” ಎಂದುಬಿಟ್ಟರು ಡಾಕ್ಟ್ರು.

ಹೇಳಬೇಕೆಂದು ಹೇಳಿದ್ದಲ್ಲ, ಬಾಯಿ ತಾನೇ ಹೇಳಿತು. ಒಮ್ಮೆ ಹೇಳಿದ ಮೇಲೆ ಮರುದಿನವೂ ಹೇಳಬೇಕಾಯಿತು. ಉಂಡೆ ಕಪಾಟು ಸೇರಿತು. ಕೋಟಿನ ಗುಂಡಿ ಗಂಡ ಹಾಕುವರು, ಡಬ್ಬಿ ಗಂಡ ತೆರೆಯುವರು. ಬಲಗೈ ಕೋಟಿನ ಜೇಬಿನಲ್ಲಿ ಬೆಚ್ಚಗೆ ಮಲಗಿತ್ತು. ವ್ಯಾಯಾಮದ ಹೆಂಗಸು ಎರಡನೆಯ ಸಲ ನೋಡಿದಾಗ ಹುಬ್ಬು ಗಂಟಿಕ್ಕಿದಳು. “ಯಾಕೋ ಬಿಗಿದುಕೊಳ್ತಾ ಇದೆ. ಮನೇಲಿ ಮಾಡ್ತಿದ್ದೀರಾ ತಾನೇ? ಈಗ ಬಿಟ್ರೆ ಆಮೇಲೆ ಇಲ್ಲ ನೋಡಿ.” ಮಾಡ್ತಿದ್ದೀನಿ ಎಂದರು ಡಾಕ್ಟ್ರು. ಅಲ್ಲ, ನೀವೇ ಹೇಳಿ, ಇದನ್ನು ಬೇರೆ ಯಾರಾದರೂ ಮಾಡಿದ್ದರೆ ಆಕೆ ಬಿಡುತ್ತಿದ್ದರೇ? ಜನ್ಮ ಜಾಲಾಡಿಬಿಡುತ್ತಿದ್ದರು! ಕೈ ಹೋಗುತ್ತಿದೆ ಎಂದು ಆಕೆಗಿಂತ ಚೆನ್ನಾಗಿ ಬಲ್ಲವರು ಇನ್ನಾರೂ ಇರಲಿಲ್ಲ. ಉಳಿ ಹಿಡಿಯದ ತನ್ನನ್ನು ನೆನೆಸಿಕೊಳ್ಳಲೂ ಆಗುತ್ತಿರಲಿಲ್ಲ. ಆದರೂ ಬೆಳಗಾದರೆ ಹೋಗಿ ಸ್ಟೂಲಿನ ಮೇಲೆ ಕೂರುವರು.

ಆ ದಿನಗಳಲ್ಲಿ ಆಸ್ಪತ್ರೆಯಲ್ಲಿ ಜೂನಿಯರ್ ನೋಡುತ್ತಿದ್ದಳು, ಡಾಕ್ಟ್ರು ಪಕ್ಕದಲ್ಲಿ ಕೂತು ಸಲಹೆ ಹೇಳುತ್ತಿದ್ದರು. ಒಂದು ದಿನ ಬೇಕರಿಯವನು ಬಂದ. ಪಕ್ಕಕ್ಕೆ ತಿರುಗಿ ಬಾಗಿಲು ದಾಟಿದ. ಎದೆಗವಚಿಕೊಂಡ ಅಂಗವಸ್ತ್ರದಲ್ಲಿ ರಸ್ಕು.

ಮೇಜಿನ ಮೇಲೆ ಬಿಟ್ಟರೆ ನಾಯಿ ಮೂರೇ ಕಾಲಿನಲ್ಲಿ ನಿಂತಿತು. ಎಡಗಾಲು ಸೊರಗಿ ಕಡ್ಡಿಯಾಗಿತ್ತು. ಜೂನಿಯರ್ ಮುಖ ಸಣ್ಣಗಾಯಿತು. ಅಂದು ಕೊನೆಗೆ ಅಂಚು ಸವರಿ ನುಣ್ಣಗಿದೆ ಎಂದವಳು ಅವಳೇ ಅಲ್ಲವೇ? “ಮೇಡಂ, ನಾನೇ ಏನಾದ್ರೂ ಉಳಿಸಿಬಿಟ್ಟೆನಾ?” ಎಂದಳು ಪಿಸುದನಿಯಲ್ಲಿ.

ಡಾಕ್ಟ್ರು ಎದ್ದರು. ಎಡಗೈಯಿಂದ ನಾಯಿಯ ಕಾಲು ಹಿಡಿದು ಮೆಲ್ಲಗೆ ಮಡಿಸಿ ಚಾಚಿಸಿದರು. ಬಲಗೈ ಜೇಬಿನಿಂದ ಹೊರಬಂತು. ಹೆಬ್ಬೆರಳನ್ನು ಸೊಂಟದ ಕೀಲಿನ ಮೇಲೆ ಒತ್ತಿ ಇಟ್ಟು ಕಣ್ಣು ಮುಚ್ಚಿದರು. ಬೆರಳು ಬಿಗಿದಿತ್ತು, ನೋಯುತ್ತಿತ್ತು, ಆದರೆ ತನ್ನ ನೋವು ಯಾವುದು ನಾಯಿಯ ಕೀಲು ಯಾವುದು ಎಂದು ಈಗ ಬೇರೆಬೇರೆಯಾಗಿ ಗೊತ್ತಾಗುತ್ತಿತ್ತು. ಒಳಗೆ ಎಲ್ಲೂ ಗೀರಲಿಲ್ಲ, ತಡೆಯಲಿಲ್ಲ.

“ಏನೂ ಉಳಿಸಿಲ್ಲ ನೀನು. ನುಣ್ಣಗಿದೆ.”

ಜೂನಿಯರ್ ಉಸಿರು ಬಿಟ್ಟಳು. ಆಮೇಲೆ ಹೆಬ್ಬೆರಳನ್ನೇ ನೋಡಿದಳು. “ಮೇಡಂ, ನಿಮ್ಮ ಕೈ...”

ಡಾಕ್ಟ್ರು ಕೈಯನ್ನು ಜೇಬಿಗೆ ಹಾಕಿ ಬೇಕರಿಯವನತ್ತ ತಿರುಗಿದರು. ಹೊರಗಿನ ಬೆಂಚಿನವರು ಇನ್ನೇನು ಗುಡುಗು ಬಂತು ಎಂದು ಕಿವಿ ನೆಟ್ಟಗೆ ಮಾಡಿಕೊಂಡರು.

“ಎತ್ಕೊಂಡ್ರಿ ಅಲ್ವಾ?”

“ಎತ್ಕೊಂಡೆ ಡಾಕ್ಟ್ರೇ.” ಆ ಭಾರೀ ಆಳು ತಲೆ ತಗ್ಗಿಸಿದ. “ನೀವು ಹೇಳಿದ್ದು ನೆನಪಿತ್ತು. ಆದ್ರೆ ಇದು ಮರಿ ಇದ್ದಾಗಿನಿಂದ ನನ್ನ ಹತ್ರ ಬಂದಿದ್ದೇ ಇಲ್ಲ. ಮುಟ್ಟೋಕೆ ಹೋದ್ರೆ ಗುರ್ ಅನ್ನೋದು. ಆಪರೇಷನ್ ಆದ ಮೇಲೆ ಮೊದಲನೇ ಸಲ ಎತ್ಕೊಂಡಾಗ ನನ್ನ ಕುತ್ತಿಗೆ ಹತ್ರ ಮುಖ ಇಟ್ಟು ಮಲಗಿಬಿಡ್ತು. ನಡೆಯೋಕೆ ಶುರು ಮಾಡಿದ್ರೆ ಮತ್ತೆ ಬರುತ್ತೋ ಇಲ್ವೋ ಅಂತ...”

ಗುಡುಗು ಬರಲಿಲ್ಲ. ಬೈಯಲು ಯಾವ ಮುಖವಿತ್ತು? ಸ್ವಲ್ಪ ಹೊತ್ತು ನಾಯಿಯ ಬೆನ್ನು ಸವರುತ್ತಾ ನಿಂತರು. ಆಮೇಲೆ ಅದನ್ನು ನೆಲಕ್ಕಿಳಿಸಿದರು. “ನೀವು ಆಚೆ ಹೋಗಿ. ತಿರುಗಿ ನೋಡಬೇಡಿ” ಎಂದರು.

ಬೇಕರಿಯವನು ಹೋದ. ರಸ್ಕು ಕುಂಯ್‌ಗುಟ್ಟಿತು, ಡಾಕ್ಟ್ರನ್ನು ನೋಡಿತು, ಯಾರೂ ಎತ್ತಿಕೊಳ್ಳುವ ಲಕ್ಷಣ ಕಾಣದೆ ಮೂರು ಕಾಲಲ್ಲಿ ಕುಪ್ಪಳಿಸಿತು. ನುಣುಪಾದ ನೆಲದಲ್ಲಿ ಕಾಲು ಜಾರಿ ಇನ್ನೇನು ಬೀಳಬೇಕು, ಎಡಗಾಲು ತಾನಾಗಿ ಕೆಳಗೆ ಬಂದು ಊರಿತು. ನಾಯಿಗೇ ಆಶ್ಚರ್ಯವಾದಂತಿತ್ತು. ಮತ್ತೆ ಊರಿತು, ಎತ್ತಿತು, ಊರಿತು. ಹಾಗೇ ಕುಂಟುತ್ತಾ ಹೊರಗೆ ಹೋಗಿ ಬೇಕರಿಯವನ ಚಪ್ಪಲಿಯ ಮೇಲೆ ಗದ್ದ ಇಟ್ಟು ಕೂತಿತು. ಗೋಡೆಗೆ ಮುಖ ಮಾಡಿ ನಿಂತಿದ್ದ ಆ ಮನುಷ್ಯನ ಹೆಗಲು ಅಲುಗುತ್ತಿತ್ತು.

ಆ ಸಂಜೆ ಡಾಕ್ಟ್ರು ಮೇಲೆ ಹೋಗದೆ ಸೀದಾ ಅಂಗಡಿಗೆ ಬಂದರು. ಗಡಿಯಾರದವರು ಯಾವುದೋ ಹೆಂಗಸರ ಗಡಿಯಾರದ ಹೊಟ್ಟೆ ಬಿಚ್ಚಿಟ್ಟುಕೊಂಡು ಕೂತಿದ್ದರು.

“ರೀ, ನನ್ನ ಕೈ ಸರಿಯಾಗಿದೆ. ಪಟ್ಟಿ ಬಿಚ್ಚಿದ ದಿನವೇ ಆಗ್ತಿತ್ತು. ಬೇಕಂತಲೇ ಸುಳ್ಳು ಹೇಳ್ದೆ.”

ಅವರು ಕಣ್ಣಿನ ಗಾಜು ತೆಗೆದು ಮೇಜಿನ ಮೇಲಿಟ್ಟರು. “ಗೊತ್ತು” ಎಂದರು.

“ಗೊತ್ತಾ?”

“ಹೋದ ವಾರ ಒಂದಿನ ಆಸ್ಪತ್ರೆಯಿಂದ ಬಂದೆಯಲ್ಲ, ನಿನ್ನ ವಾಚು ಒಂದು ತೂತು ಬಿಗಿಯಾಗಿತ್ತು. ನಾನು ಬೆಳಿಗ್ಗೆ ಕಟ್ಟಿದ್ದು ಸಡಿಲಕ್ಕೆ. ಎಡಗೈಗೆ ವಾಚು ಕಟ್ಟೋಕೆ ಬಲಗೈ ಹೆಬ್ಬೆರಳು ಬೇಕು. ಯಾರ ಹತ್ರ ಹೇಳ್ತೀಯಾ ನೀನು?”

ಕೈ ತೊಳೆಯಲು ಬಿಚ್ಚಿ, ಮರೆತು ತಾನೇ ಕಟ್ಟಿಕೊಂಡದ್ದು ಡಾಕ್ಟ್ರಿಗೆ ಈಗ ನೆನಪಾಯಿತು. “ಮತ್ತೆ ಯಾಕ್ರೀ ಸುಮ್ಮನಿದ್ರಿ? ಬಿಗಿದುಕೊಂಡುಬಿಟ್ರೆ ನನ್ನ ಕೆಲಸವೇ ಹೋಗ್ತಿತ್ತು!”

ಗಡಿಯಾರದವರು ತಲೆ ತಗ್ಗಿಸಿದರು. ಎದುರಿಗೆ ಮುಖವಿತ್ತಲ್ಲ, ಕಷ್ಟವೇ. ಕೊನೆಗೆ ಬಿಚ್ಚಿಟ್ಟ ಗಡಿಯಾರಕ್ಕೆ ಹೇಳುವಂತೆ ಹೇಳಿದರು. “ದಿನಾ ಇವತ್ತು ಹೇಳಿಬಿಡ್ತೀನಿ ಅಂದ್ಕೋತಿದ್ದೆ. ನಿನ್ನ ಕೈ ಹಾಳು ಮಾಡ್ತಿದ್ದೀನಿ ಅಂತ ರಾತ್ರಿ ನಿದ್ದೆ ಬರ್ತಿರಲಿಲ್ಲ. ಆದ್ರೆ ಹೇಳಿದ್ರೆ ಬೆಳಿಗ್ಗೆ ನಿನ್ನ ಹಿಂದೆ ನಿಲ್ಲೋಕೆ ನನಗೆ ಇನ್ನೇನು ನೆಪ ಇತ್ತು?”

ಡಾಕ್ಟ್ರು ಗಿರಾಕಿಗಳ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟರು. ಮಹಾ ಗುಡುಗಿನ ಡಾಕ್ಟ್ರು, ಅಂಗಡಿಯ ಬಾಗಿಲು ತೆರೆದಿದೆ ಎಂಬ ಪರಿವೆಯೂ ಇಲ್ಲದೆ. ಗಂಡ ಗಾಬರಿಯಾಗಿ ಗಡಿಯಾರ ಒರೆಸುವ ಬಟ್ಟೆಯನ್ನೇ ಕೊಟ್ಟರು. ಅದರಲ್ಲೇ ಮೂಗೊರೆಸಿಕೊಂಡರು.

“ನಾಳೆಯಿಂದ ಗುಂಡಿ ನಾನೇ ಹಾಕ್ಕೋತೀನಿ. ಡಬ್ಬಿ ನಾನೇ ತೆಗೀತೀನಿ. ನೋವಾದ್ರೂ ನೀವು ಮುಟ್ಟೋಹಾಗಿಲ್ಲ.”

“ಆಯ್ತು.”

“ಜಡೆ ಮಾತ್ರ...” ಎಂದು ಆಕೆ ಸ್ವಲ್ಪ ತಡೆದರು. “ಜಡೆ ಮಾತ್ರ ನನ್ನ ಕೈಲಿ ಆಗಲ್ಲ ರೀ.”

ಅದೊಂದು ಹಸಿ ಸುಳ್ಳು. ಗಡಿಯಾರದವರು ಹೆಂಡತಿಯ ಮುಖ ನೋಡಿದರು, ಈ ಸಲ ತಲೆ ಎತ್ತಿ, ನೇರವಾಗಿ. “ಆಗಲ್ಲ, ಪಾಪ” ಎಂದರು.

ಹಿಡಿತ ಮೊದಲಿನಷ್ಟು ಬರಲಿಲ್ಲ. ಸುತ್ತಿಗೆ ಈಗ ಜೂನಿಯರ್ ಕೈಗೆ ಹೋಗಿದೆ. ಉಳಿ ಮಾತ್ರ ಡಾಕ್ಟ್ರದ್ದೇ. ಅವರು ಮತ್ತೆ ಕೋಣೆಗಿಳಿದ ದಿನ ಬಂದದ್ದು ಒಂದು ಬಡಕಲು ಬೀದಿನಾಯಿ. ಗುಂಡು ಬಂದ ಮೇಲೆ ಆಕೆ ಕಣ್ಣು ಮುಚ್ಚಿ ಹೆಬ್ಬೆರಳು ಒಳಗಿಟ್ಟರು.

“ಇಲ್ಲಿ. ಒಂದು ಚೂರು ಇದೆ. ಅರ ಕೊಡು.”

ಉಜ್ಜಿದರು. ಮತ್ತೆ ಸವರಿ ನೋಡಿ, ಸರಿ ಎಂದರು. ಹೊಲಿಗೆ ಬಿತ್ತು.

ಹೊರಬಂದು ತಲೆಯ ಟೋಪಿ ತೆಗೆದಾಗ ನರ್ಸಮ್ಮ ಹಿಂದಿನಿಂದ ನೋಡಿ ಲೊಚಗುಟ್ಟಿದಳು. “ಇದೇನು ಮೇಡಂ, ಜಡೆ ಇಷ್ಟು ಸೊಟ್ಟ? ಬನ್ನಿ, ಬಿಚ್ಚಿ ಚೆನ್ನಾಗಿ ಹಾಕ್ತೀನಿ.”

ಡಾಕ್ಟ್ರು ಜಡೆಯನ್ನು ಮುಂದಕ್ಕೆಳೆದುಕೊಂಡು, ಈಗತಾನೇ ಮೂಳೆ ಸವರಿದ ಹೆಬ್ಬೆರಳಿನಿಂದ ಅದರ ಅಂಕುಡೊಂಕನ್ನೆಲ್ಲ ಒಮ್ಮೆ ಸವರಿದರು.

“ಮುಟ್ಟಬೇಡ ಕಣೇ” ಎಂದರು. “ಹಾಗೇ ಇರಲಿ.”